ವಿಶ್ವಾಸ ಹಂಚಿಕೊಳ್ಳುವ ಕರೆ: ಉತ್ತರ ಬೆಂಗಳೂರಿನಲ್ಲಿರುವ ನಮ್ಮವರಿಗಾಗಿ ಒಂದು ಕೈಪಿಡಿ



ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಮನೆ ಭೇಟಿಗೆ ಹೋದಾಗ ನಾವು ಪದೇ ಪದೇ ಕೇಳುವ ಮಾತೊಂದಿದೆ. "ಮಗ ಬೆಂಗಳೂರಿನಲ್ಲಿದ್ದಾನೆ ಫಾದರ್, ಹೆಬ್ಬಾಳದ ಹತ್ತಿರ." "ಮಗಳು ಅಳಿಯ ಯಲಹಂಕದಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದಾರೆ." ಒಂದು ಕಾಲದಲ್ಲಿ ಬೊಂಬಾಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೊರಡುತ್ತಿದ್ದ ನಮ್ಮ ಯುವಜನರಲ್ಲಿ ಅನೇಕರು ಈಗ ಯಶವಂತಪುರಕ್ಕೆ ಹೋಗುವ ರಾತ್ರಿ ರೈಲು ಹತ್ತುತ್ತಾರೆ. ಅವರ ಹಿಂದೆಯೇ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಪ್ಪ ಅಮ್ಮಂದಿರೂ ಹೋಗುತ್ತಾರೆ.

ಹೀಗೆ ಹೋಗಿ ಬಂದ ತಾಯಿಯೊಬ್ಬರು ಒಮ್ಮೆ ನಮ್ಮೊಡನೆ ಹೇಳಿದರು: "ಫಾದರ್, ಅಲ್ಲಿ ಸಂಜೆ ಜಪಸರ ಹೇಳುವಾಗ ಕಿಟಕಿ ಹಾಕಿಕೊಳ್ಳುತ್ತೇವೆ. ಪಕ್ಕದ ಮನೆಯ ಹುಡುಗಿ ನನ್ನ ಕುತ್ತಿಗೆಯ ಶಿಲುಬೆ ನೋಡಿ ಏನೋ ಕೇಳಿದಳು. ನಾನು ಮಾತು ಮರೆಸಿಬಿಟ್ಟೆ. ಏನಾದರೂ ಹೇಳಿದರೆ ಮತಾಂತರ ಅಂತ ಕೇಸು ಆದರೆ?" ಅದೇ ವಾರ ಬಂದ ಯುವಕನೊಬ್ಬನ ಪ್ರಶ್ನೆ ತದ್ವಿರುದ್ಧವಾಗಿತ್ತು. "ಆಫೀಸಿನಲ್ಲಿ ಕಾಯಿಲೆ ಬಿದ್ದ ಗೆಳೆಯನಿಗೆ, ಯೇಸುವನ್ನು ನಂಬಿದರೆ ಮಾತ್ರ ವಾಸಿಯಾಗುತ್ತದೆ ಎಂದು ಹೇಳಿದೆ. ಈಗ ಅವನು ಮಾತೇ ಬಿಟ್ಟಿದ್ದಾನೆ. ನಾನು ತಪ್ಪು ಮಾಡಿದೆನೇ?"

ಈ ಎರಡು ಪ್ರಶ್ನೆಗಳೇ ಈ ಲೇಖನಕ್ಕೆ ಕಾರಣ. ಒಂದು ಕಡೆ ಭಯದ ಮೌನ, ಇನ್ನೊಂದು ಕಡೆ ವಿವೇಕವಿಲ್ಲದ ಉತ್ಸಾಹ. ಇವೆರಡರ ನಡುವೆ ಧರ್ಮಸಭೆ ತೋರಿಸುವ ದಾರಿ ಯಾವುದು ಎಂಬುದನ್ನು ಭಕ್ತಾದಿಗಳಿಗೂ ಧರ್ಮೋಪದೇಶಕರಿಗೂ ಪಾಲನಾ ಪರಿಷತ್ತಿನ ಸದಸ್ಯರಿಗೂ ಉಪಯೋಗವಾಗುವಂತೆ ಇಲ್ಲಿ ಒಟ್ಟುಗೂಡಿಸಿದ್ದೇವೆ.

1. ಮೊದಲು ಪದಗಳ ಅರ್ಥ

ನಮ್ಮ ಮಾತುಕತೆಯಲ್ಲಿ ಹಲವು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಗೊಂದಲ ಆರಂಭವಾಗುವುದೇ ಅಲ್ಲಿ.

ಸಾಕ್ಷ್ಯ: ಬಾಯಿ ತೆರೆಯುವ ಮೊದಲೇ ನಮ್ಮ ಬದುಕು ಹೇಳುವ ಮಾತು. ಪ್ರಾಮಾಣಿಕ ದುಡಿಮೆ, ಕ್ಷಮೆ, ರೋಗಿಗಳ ಆರೈಕೆ, ಭಾನುವಾರದ ಬಲಿಪೂಜೆಗೆ ತಪ್ಪದೆ ಹೋಗುವುದು ಇವೆಲ್ಲ ಸಾಕ್ಷ್ಯವೇ.

ಶುಭಸಂದೇಶ ಸಾರುವುದು: ಯೇಸುಕ್ರಿಸ್ತರ ಹೆಸರು, ಬೋಧನೆ, ಮರಣ ಮತ್ತು ಪುನರುತ್ಥಾನಗಳನ್ನು ಮಾತಿನಲ್ಲಿ ತಿಳಿಸುವುದು. ಸಾಕ್ಷ್ಯ ಎಷ್ಟೇ ದೊಡ್ಡದಿದ್ದರೂ ಕೇಳುವವರಿಗೆ ಒಂದು ದಿನ ಅದರ ಕಾರಣವನ್ನು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ.

ಸಂವಾದ: ಬೇರೆ ಧರ್ಮದವರೊಡನೆ ಗೌರವದಿಂದ ಕೇಳುತ್ತಾ, ಹೇಳುತ್ತಾ, ಒಟ್ಟಿಗೆ ದುಡಿಯುತ್ತಾ ಬಾಳುವುದು. ಇದು ಸಾರುವಿಕೆಗೆ ಬದಲಿಯೂ ಅಲ್ಲ, ಅದರ ಮುಖವಾಡವೂ ಅಲ್ಲ. ರೋಮಿನ ಧರ್ಮಪೀಠ 1991ರಲ್ಲಿ ಹೊರಡಿಸಿದ "ಸಂವಾದ ಮತ್ತು ಸಾರುವಿಕೆ" ಎಂಬ ದಾಖಲೆ ಇವೆರಡನ್ನೂ ಧರ್ಮಸಭೆಯ ಒಂದೇ ಪ್ರೇಷಿತ ಕಾರ್ಯದ ಎರಡು ಅಂಗಗಳೆಂದು ವಿವರಿಸುತ್ತದೆ.

ಮನಪರಿವರ್ತನೆ: ಪಾಪದಿಂದ ದೇವರ ಕಡೆಗೆ ಹೃದಯ ತಿರುಗುವುದು. ಇದು ಮೊದಲು ನಮಗೇ ಬೇಕಾದದ್ದು. ಇನ್ನೊಬ್ಬರಲ್ಲಿ ಇದನ್ನು ಉಂಟುಮಾಡುವವರು ಪವಿತ್ರಾತ್ಮರೇ ಹೊರತು ನಾವಲ್ಲ.

ಆಮಿಷದ ಅಥವಾ ಒತ್ತಾಯದ ಮತಪ್ರಚಾರ: ಹಣ, ಕೆಲಸ, ಶಾಲೆಯ ಸೀಟು, ಮದುವೆ, ಭಯ, ಶಾಪದ ಬೆದರಿಕೆ ಇವುಗಳ ಮೂಲಕ ಒಬ್ಬರನ್ನು ಧರ್ಮಸಭೆಗೆ ತರಲೆತ್ನಿಸುವುದು. ಸರ್ಕಾರದ ಕಾನೂನು ಬರುವುದಕ್ಕೆ ಬಹಳ ಮೊದಲೇ ಇದನ್ನು ಧರ್ಮಸಭೆ ನಿಷೇಧಿಸಿದೆ.

2. ಕರೆಯ ಮೂಲ

ಪುನರುತ್ಥಾನರಾದ ಯೇಸು ಶಿಷ್ಯರನ್ನು ಸಕಲ ಜನಾಂಗಗಳ ಬಳಿಗೆ ಕಳುಹಿಸಿದ್ದನ್ನು ಸಂತ ಮತ್ತಾಯರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಓದುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಅದೇ ಕರೆ ಜೆರುಸಲೇಮಿನಿಂದ ಭೂಮಿಯ ಕಟ್ಟಕಡೆಯವರೆಗೆ ಸಾಕ್ಷಿಗಳಾಗುವ ಕರೆಯಾಗಿ ಬರುತ್ತದೆ.

ಆದರೆ ಈ ಕೆಲಸ ನಡೆದ ರೀತಿಯನ್ನು ನಾವು ಗಮನಿಸಬೇಕು. ಯೊವಾನ್ನರ ಶುಭಸಂದೇಶದ ನಾಲ್ಕನೇ ಅಧ್ಯಾಯದಲ್ಲಿ ಯೇಸು ಸಮಾರಿಯದ ಸ್ತ್ರೀಯಿಂದ ಮೊದಲು ನೀರು ಕೇಳುತ್ತಾರೆ. ಕೊಡುವುದಕ್ಕೆ ಮೊದಲು ಬೇಡುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳ ಎಂಟನೇ ಅಧ್ಯಾಯದಲ್ಲಿ ಫಿಲಿಪ್ಪನು ಇಥಿಯೋಪಿಯದ ಅಧಿಕಾರಿಯ ರಥದ ಬಳಿ ಹೋಗಿ, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ವಿಚಾರಿಸುತ್ತಾನೆ. ಅಧಿಕಾರಿಯೇ ಆಹ್ವಾನಿಸಿದ ಮೇಲೆ ರಥ ಹತ್ತುತ್ತಾನೆ. ಸಂತ ಪೇತ್ರರ ಮೊದಲ ಪತ್ರದ ಮೂರನೇ ಅಧ್ಯಾಯವು, ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರಿಸಲು ಸಿದ್ಧರಾಗಿರಬೇಕು, ಆದರೆ ಸೌಜನ್ಯದಿಂದಲೂ ಗೌರವದಿಂದಲೂ ಉತ್ತರಿಸಬೇಕು ಎಂದು ಕಲಿಸುತ್ತದೆ.

ಪೇತ್ರರ ಈ ಬೋಧನೆ ಮೇಲೆ ಹೇಳಿದ ಇಬ್ಬರಿಗೂ ಉತ್ತರವಾಗಿದೆ. ಹುಡುಗಿ ಕೇಳಿದಾಗ ತಾಯಿ ಸಿದ್ಧರಿರಲಿಲ್ಲ. ಗೆಳೆಯ ಕೇಳುವ ಮೊದಲೇ ಯುವಕ ಹೇಳಿದ, ಅದೂ ರೋಗದ ಭಯವನ್ನು ಬಳಸಿಕೊಂಡು.

3. ಧರ್ಮಸಭೆಯ ಬೋಧನೆ, ಕಾಲಾನುಕ್ರಮದಲ್ಲಿ

1926: ಹನ್ನೊಂದನೇ ಪಿಯುಸ್ ಜಗದ್ಗುರುಗಳು ವಿಶ್ವ ಪ್ರೇಷಿತ ಭಾನುವಾರವನ್ನು ಏರ್ಪಡಿಸಿದರು. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಮುಂಚಿನ ಭಾನುವಾರ ಇದನ್ನು ಆಚರಿಸುತ್ತೇವೆ. ಮರುವರ್ಷ, 1927ರಲ್ಲಿ, ಮಠದಿಂದ ಹೊರಗೆ ಕಾಲಿಡದ ಲಿಸ್ಯೂವಿನ ಸಂತ ತೆರೇಸಮ್ಮನವರನ್ನು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಜೊತೆ ಪ್ರೇಷಿತ ಕಾರ್ಯದ ಪಾಲಕರೆಂದು ಘೋಷಿಸಲಾಯಿತು. ಪ್ರಾರ್ಥನೆಯೂ ಪ್ರೇಷಿತ ಕಾರ್ಯವೇ ಎಂಬುದು ಇದರ ಅರ್ಥ.

1965: ಎರಡನೇ ವ್ಯಾಟಿಕನ್ ಮಹಾಸಭೆ ಡಿಸೆಂಬರ್ 7ರಂದು ಹೊರಡಿಸಿದ ದಾಖಲೆಗಳಲ್ಲಿ ಈ ಎರಡೂ ಇವೆ. "ಆದ್ ಜೆಂತೆಸ್" ಇಡೀ ಧರ್ಮಸಭೆ ಸ್ವಭಾವತಃ ಪ್ರೇಷಿತ ಸಭೆ ಎಂದಿತು. "ದಿಗ್ನಿತಾತಿಸ್ ಹುಮಾನೆ" ಧರ್ಮದ ವಿಷಯದಲ್ಲಿ ಯಾರ ಮನಸ್ಸಾಕ್ಷಿಯನ್ನೂ ಬಲವಂತಪಡಿಸಬಾರದು ಎಂದಿತು. ಎರಡೂ ಒಂದೇ ದಿನ ಬಂದದ್ದನ್ನು ನಾವು ನೆನಪಿಡಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾಗದು.

1975: ಆರನೇ ಪೌಲ್ ಜಗದ್ಗುರುಗಳ "ಎವಾಂಜೆಲಿ ನುಂತಿಯಾಂದಿ". ಇಂದಿನ ಜನ ಬೋಧಕರಿಗಿಂತ ಸಾಕ್ಷಿಗಳ ಮಾತಿಗೆ ಹೆಚ್ಚು ಕಿವಿಗೊಡುತ್ತಾರೆ ಎಂಬ ಪ್ರಸಿದ್ಧ ವಿಚಾರ ಇದರಲ್ಲಿದೆ.

1983: ಧರ್ಮಸಭೆಯ ಕಾನೂನು ಸಂಹಿತೆ. 211ನೇ ವಿಧಿಯ ಪ್ರಕಾರ ಶುಭಸಂದೇಶ ಎಲ್ಲರಿಗೂ ತಲುಪುವಂತೆ ಶ್ರಮಿಸುವುದು ಪ್ರತಿಯೊಬ್ಬ ವಿಶ್ವಾಸಿಯ ಕರ್ತವ್ಯ ಮತ್ತು ಹಕ್ಕು. 225ನೇ ವಿಧಿ, ಶ್ರೀಸಾಮಾನ್ಯರ ಮೂಲಕವಲ್ಲದೆ ಬೇರೆ ಯಾರಿಂದಲೂ ಜನರು ಕ್ರಿಸ್ತರನ್ನು ಅರಿಯಲಾಗದ ಸನ್ನಿವೇಶಗಳಲ್ಲಿ ಈ ಹೊಣೆ ಇನ್ನೂ ಹೆಚ್ಚು ಎನ್ನುತ್ತದೆ. ಗುರುಗಳಿಗೆ ಪ್ರವೇಶವಿಲ್ಲದ ಟೆಕ್ ಪಾರ್ಕಿನ ಕ್ಯಾಂಟೀನು ಅಂಥ ಒಂದು ಜಾಗ. 748ನೇ ವಿಧಿ, ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಕಥೋಲಿಕ ವಿಶ್ವಾಸಕ್ಕೆ ಒತ್ತಾಯಿಸುವಂತಿಲ್ಲ ಎಂದು ಸ್ಪಷ್ಟಪಡಿಸುತ್ತದೆ.

1990 ಮತ್ತು 1999: ಎರಡನೇ ಜಾನ್ ಪೌಲ್ ಜಗದ್ಗುರುಗಳ "ರೆದೆಂಪ್ತೋರಿಸ್ ಮಿಸ್ಸಿಯೋ", ಆನಂತರ ಅವರು 1999ರ ನವೆಂಬರ್ 6ರಂದು ನವದೆಹಲಿಯಲ್ಲೇ ಪ್ರಕಟಿಸಿದ "ಎಕ್ಲೇಸಿಯಾ ಇನ್ ಏಷಿಯಾ".

2013: ಫ್ರಾನ್ಸಿಸ್ ಜಗದ್ಗುರುಗಳ "ಎವಾಂಜೆಲಿ ಗೌದಿಯುಂ". ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಪ್ರೇಷಿತ ಶಿಷ್ಯರು ಎಂದೂ, ಧರ್ಮಸಭೆ ಬೆಳೆಯುವುದು ಆಕರ್ಷಣೆಯಿಂದ, ಒತ್ತಾಯದ ಪ್ರಚಾರದಿಂದಲ್ಲ ಎಂದೂ ಅವರು ಕಲಿಸಿದರು. ಈ ಎರಡನೆಯ ವಿಚಾರವನ್ನು 2007ರಲ್ಲೇ ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು ಬ್ರೆಜಿಲಿನ ಅಪರೆಸಿದದಲ್ಲಿ ಹೇಳಿದ್ದರು.

4. ಕನ್ನಡ ನಾಡಿನ ಹಿನ್ನೆಲೆ

ಮೈಸೂರು ಸೀಮೆಯಲ್ಲಿ ವಿಶ್ವಾಸ ಹರಡಿದ ಕಥೆಯನ್ನು ಭಾಷೆಯಿಂದಲೇ ಆರಂಭಿಸಬೇಕು. 17ನೇ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶವನ್ನೂ ಕನ್ನಡ ವ್ಯಾಕರಣವನ್ನೂ ಬರೆದರು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ 1823ರಲ್ಲಿ ಹಿಂತಿರುಗುವವರೆಗೂ ಇಲ್ಲಿಯ ಉಡುಪು, ಊಟಗಳನ್ನೇ ತಮ್ಮದಾಗಿಸಿಕೊಂಡು ಬದುಕಿದರು. ಸಿಡುಬಿನ ಲಸಿಕೆ ಜನರಿಗೆ ಹೊಸದಾಗಿದ್ದ ಆ ದಿನಗಳಲ್ಲಿ ಅದನ್ನು ಹಾಕಿಸುವ ಕೆಲಸದಲ್ಲಿ ದುಡಿದರು. ಅದೇ ದುಬ್ವಾ ಭಾರತದಲ್ಲಿ ಕ್ರೈಸ್ತಧರ್ಮದ ಭವಿಷ್ಯದ ಬಗ್ಗೆ ನಿರಾಶೆಯಿಂದ ಬರೆದರು. ಸುಮಾರು ಮೂವತ್ತು ವರ್ಷ ದುಡಿದವರಿಗೂ ಫಲ ಕಾಣಲಿಲ್ಲ. ಬಿತ್ತುವವನೇ ಕೊಯ್ಯಬೇಕೆಂದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಕರಾವಳಿಯಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಸಹೋದರರು ಕನ್ನಡಕ್ಕೆ ಮಾಡಿದ ಸೇವೆ ಎಲ್ಲರಿಗೂ ತಿಳಿದದ್ದೇ. 1843ರ "ಮಂಗಳೂರ ಸಮಾಚಾರ" ಮತ್ತು 1894ರ ಕಿಟೆಲ್ ನಿಘಂಟು ಆ ಸೇವೆಯ ಫಲಗಳು. ಧರ್ಮಬೋಧನೆಗೆಂದು ಬಂದವರು ನೆಲದ ಭಾಷೆಯನ್ನು ಪ್ರೀತಿಸಿದಾಗ ಆ ನೆಲಕ್ಕೂ ಒಂದಿಷ್ಟು ಉಳಿಯುತ್ತದೆ.

ಬೆಂಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1940ರ ಫೆಬ್ರವರಿ 13ರಂದು. 1953ರ ಸೆಪ್ಟೆಂಬರ್ 19ರಂದು ಅದು ಮಹಾಧರ್ಮಕ್ಷೇತ್ರವಾಯಿತು. ಅದರ ಮಹಾಧರ್ಮಾಧ್ಯಕ್ಷರಲ್ಲಿ ಅತಿ ವಂದನೀಯ ಅಲ್ಫೋನ್ಸಸ್ ಮಥಾಯಸ್ (1986–1998) ಮತ್ತು ಅತಿ ವಂದನೀಯ ಬರ್ನಾರ್ಡ್ ಮೊರಾಸ್ (2004–2018) ನಮ್ಮ ಕರಾವಳಿಯ ಮಣ್ಣಿನವರೇ. ಬೆಂಗಳೂರಿನ ಧರ್ಮಸಭೆಗೂ ನಮಗೂ ಇರುವ ನಂಟು ಕೇವಲ ಉದ್ಯೋಗದ ನಂಟಲ್ಲ.

5. ಉತ್ತರ ಬೆಂಗಳೂರು: ನೆಲ ಮತ್ತು ನೆರೆಹೊರೆ

ಯಶವಂತಪುರ ಎಂದರೆ ಮಾರುಕಟ್ಟೆ ಪ್ರಾಂಗಣ, ರೈಲು ನಿಲ್ದಾಣ, ಪಕ್ಕದ ಪೀಣ್ಯದ ಕಾರ್ಖಾನೆಗಳು. ಹೆಬ್ಬಾಳ ಎಂದರೆ ಕೆರೆ, ಕೃಷಿ ವಿಶ್ವವಿದ್ಯಾಲಯ, ಮೇಲ್ಸೇತುವೆ. ಯಲಹಂಕ ಕೆಂಪೇಗೌಡರ ಮನೆತನದ ಊರು. ಈಗ ರೈಲು ಗಾಲಿ ಕಾರ್ಖಾನೆಯೂ ವಾಯುಪಡೆಯ ನೆಲೆಯೂ ಅಲ್ಲಿವೆ. ರವೀಂದ್ರನಾಥ ಟಾಗೋರರ ಹೆಸರು ಹೊತ್ತ ಆರ್.ಟಿ. ನಗರದಲ್ಲಿ ಹಲವು ಧರ್ಮ, ಹಲವು ಭಾಷೆಗಳ ಕುಟುಂಬಗಳು ಅಕ್ಕಪಕ್ಕದಲ್ಲಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳೂ ಬೆಳೆದವು. ನಮ್ಮ ಮಕ್ಕಳು ಹೋಗಿ ಸೇರಿದ್ದೂ ಈ ಬೆಳವಣಿಗೆಯ ಜೊತೆಯಲ್ಲೇ.

ಈ ಭಾಗದಲ್ಲೂ ಇದರ ಸುತ್ತಮುತ್ತಲೂ ವಿಶ್ವಾಸದ ಕೆಲಸಕ್ಕೆ ಆಸರೆಯಾದ ಕೆಲವು ಸ್ಥಳಗಳನ್ನು ತಿಳಿದಿರಬೇಕು.

ಸಂತ ಪೇತ್ರರ ಗುರುಮಠ, ಮಲ್ಲೇಶ್ವರ: ಪಾಂಡಿಚೇರಿಯಲ್ಲಿ ಪ್ಯಾರಿಸ್ ವಿದೇಶಿ ಪ್ರೇಷಿತ ಸಂಸ್ಥೆಯ ಗುರುಗಳಿಂದ ಆರಂಭವಾಗಿ 1934ರಲ್ಲಿ ಬೆಂಗಳೂರಿಗೆ ಬಂದ ಈ ಗುರುಮಠ ಯಶವಂತಪುರಕ್ಕೆ ಹತ್ತಿರದಲ್ಲೇ ಇದೆ. ಕರ್ನಾಟಕದ ಅನೇಕ ಗುರುಗಳು ಇಲ್ಲಿ ದೈವಶಾಸ್ತ್ರ ಕಲಿತವರು.

ಎನ್.ಬಿ.ಸಿ.ಎಲ್.ಸಿ., ಹಚಿನ್ಸ್ ರಸ್ತೆ: ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನೆಗಾಗಿ ಭಾರತದ ಧರ್ಮಾಧ್ಯಕ್ಷರು ನಡೆಸುವ ರಾಷ್ಟ್ರೀಯ ಕೇಂದ್ರ. ಫಾದರ್ ಡಿ.ಎಸ್. ಅಮಲೋರ್‌ಪವದಾಸ್ 1967ರಲ್ಲಿ ಇದನ್ನು ಕಟ್ಟಿದರು. ಭಾರತದ ನೆಲದ ರೂಪದಲ್ಲಿ ಆರಾಧಿಸಿ, ಭಾರತದ ಮಾತಿನಲ್ಲಿ ಬೋಧಿಸಬೇಕೆಂಬ ಚಿಂತನೆ ಇಲ್ಲಿ ಬೆಳೆಯಿತು.

ಸಿಲ್ವೆಪುರ: ಹೆಸರಘಟ್ಟದ ದಿಕ್ಕಿನಲ್ಲಿರುವ ಈ ಹಳ್ಳಿಯ ಹೆಸರಿನಲ್ಲೇ ಶಿಲುಬೆಯಿದೆ. ಕಲಾವಿದ ಜ್ಯೋತಿ ಸಾಹಿ ಅವರು ಇಲ್ಲಿ ಕಲಾ ಆಶ್ರಮ ಮಾಡಿಕೊಂಡು, ಈ ನಾಡಿನ ಬಣ್ಣ ಮತ್ತು ಸಂಕೇತಗಳಲ್ಲಿ ಕ್ರಿಸ್ತರನ್ನು ಚಿತ್ರಿಸಿದರು.

ಬ್ಯಾಪ್ಟಿಸ್ಟ್ ಆಸ್ಪತ್ರೆ, ಹೆಬ್ಬಾಳ: ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಪ್ರೇಷಿತ ಮಂಡಳಿ 1973ರಲ್ಲಿ ತೆರೆದ ಈ ಆಸ್ಪತ್ರೆಯ ಆಡಳಿತವನ್ನು 1989ರಲ್ಲಿ ವೆಲ್ಲೂರಿನ ಸಿ.ಎಂ.ಸಿ. ವಹಿಸಿಕೊಂಡಿತು. ಶಸ್ತ್ರವೈದ್ಯೆ ಡಾ. ರೆಬೆಕಾ ನೇಯ್ಲರ್ 1974ರಲ್ಲಿ ಇಲ್ಲಿಗೆ ಬಂದು ದಶಕಗಳ ಕಾಲ ದುಡಿದರು. ಇದು ನಮ್ಮ ಕಥೋಲಿಕ ಸಂಸ್ಥೆಯಲ್ಲ. ಆದರೂ ಇಲ್ಲಿ ಹೆಸರಿಸುತ್ತಿದ್ದೇವೆ. ಏಕೆಂದರೆ ಹಾಸಿಗೆ ಹಿಡಿದ ರೋಗಿಗೆ ಯಾವ ಷರತ್ತೂ ಹಾಕದೆ ಆರೈಕೆ ಮಾಡುವುದೇ ಎಲ್ಲ ಕ್ರೈಸ್ತರ ಮೊದಲ ಸಾಕ್ಷ್ಯ. ರೋಗಿಯ ನೋವನ್ನು ಬಳಸಿಕೊಳ್ಳುವುದಕ್ಕೂ ಅವನ ನೋವಿನಲ್ಲಿ ಜೊತೆಗಿರುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಆ ಯುವಕ ಕಲಿಯಬೇಕಾಗಿತ್ತು.

6. 2008ರ ಗಾಯ

ನಮ್ಮವರ ಭಯಕ್ಕೆ ಕಾರಣವಿಲ್ಲದಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿ ನಡೆದು ಪರಮಪ್ರಸಾದಕ್ಕೆ ಅಪಚಾರವಾದ ದಿನವನ್ನು ನಮ್ಮ ಓದುಗರು ಮರೆತಿಲ್ಲ. ಅದಾದ ಒಂದು ವಾರಕ್ಕೆ ಬೆಂಗಳೂರಿನಲ್ಲೂ ಚರ್ಚುಗಳ ಮೇಲೆ ಕೈಯೆತ್ತಲಾಯಿತು. ಹೆಬ್ಬಾಳದ ಬಳಿಯ ಮರಿಯಣ್ಣಪಾಳ್ಯದ ಸಂತ ಜೇಮ್ಸರ ದೇವಾಲಯ ಅವುಗಳಲ್ಲಿ ಒಂದು. ಈ ಘಟನೆಗಳ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಸಲ್ಲಿಸಿತು.

ಇತರ ಧರ್ಮದ ದೇವತೆಗಳನ್ನು ಹೀಯಾಳಿಸುವ ಪುಸ್ತಕ ಹಂಚಲಾಗಿದೆ ಎಂಬ ಆರೋಪವನ್ನು ಆಗ ದಾಳಿಗೆ ನೆಪವಾಗಿ ಮುಂದಿಡಲಾಯಿತು. ಹಗಲಿರುಳು ಪ್ರಾರ್ಥನೆಯಲ್ಲಿರುವ ಧರ್ಮಭಗಿನಿಯರಿಗೂ ಯಾವ ಪುಸ್ತಕಕ್ಕೂ ಸಂಬಂಧವಿರಲಿಲ್ಲ. ಯಾವ ಕಾರಣವೂ ಹಿಂಸೆಯನ್ನು ಸಮರ್ಥಿಸದು. ಆದರೂ ನಾವು ಕಲಿಯಬೇಕಾದ ಪಾಠವೊಂದಿದೆ: ನೆರೆಯವರು ಪವಿತ್ರವೆಂದು ಭಾವಿಸುವುದನ್ನು ಹಳಿದು ಕ್ರಿಸ್ತರನ್ನು ಹೊಗಳಲಾಗದು. 1965ರ "ನೋಸ್ತ್ರಾ ಎತಾತೆ" ಘೋಷಣೆಯ ಪ್ರಕಾರ ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ.

7. ದೇಶದ ಕಾನೂನು ಏನು ಹೇಳುತ್ತದೆ?

ಸಂವಿಧಾನದ 25ನೇ ವಿಧಿ ಎಲ್ಲ ವ್ಯಕ್ತಿಗಳಿಗೂ ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಈ ಹಕ್ಕು ಒಳಪಟ್ಟಿದೆ. "ಪ್ರಸಾರ" ಎಂಬ ಪದ ಇರಬೇಕೇ ಬೇಡವೇ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಟಿ.ಟಿ. ಕೃಷ್ಣಮಾಚಾರಿ, ಕೆ.ಎಂ. ಮುನ್ಶಿ ಮೊದಲಾದ ಹಿಂದೂ ಸದಸ್ಯರೇ ಆ ಪದದ ಪರವಾಗಿ ಮಾತಾಡಿದರು ಎಂಬುದು ನಾವು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರೂ ಆ ಸಭೆಯ ಸದಸ್ಯರಾಗಿದ್ದರು.

1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ಹಕ್ಕು ಎಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ತಿಳಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ತೀರ್ಪು ನೀಡಿತು.

ಕರ್ನಾಟಕದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕಿನ ಸಂರಕ್ಷಣೆ ಎಂಬ ಹೆಸರಿನ ಕಾಯಿದೆ 2022ರಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯಿದೆಯಾಗಿ ಬಂತು. ಅದರ ಮುಖ್ಯ ಅಂಶಗಳಿವು:

- ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ ಅಥವಾ ಮದುವೆಯ ಮಾತಿನಿಂದ ಮಾಡುವ ಮತಾಂತರ ಅಪರಾಧ.
- ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಇವೆಲ್ಲ ಆಮಿಷದ ವ್ಯಾಖ್ಯೆಯಲ್ಲಿ ಸೇರಿವೆ.
- ಧರ್ಮ ಬದಲಿಸಬಯಸುವವರೂ ಸಂಸ್ಕಾರ ನಡೆಸುವವರೂ 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಕೊಡಬೇಕು.
- ರಕ್ತಸಂಬಂಧಿಗಳು ಮಾತ್ರವಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು.
- ಶಿಕ್ಷೆ 3ರಿಂದ 5 ವರ್ಷದ ಸೆರೆವಾಸ ಮತ್ತು ದಂಡ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ವಿಷಯದಲ್ಲಿ 10 ವರ್ಷದವರೆಗೆ.

2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಈ ಕಾಯಿದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೊಂದರಿಂದಲೇ ಕಾಯಿದೆ ರದ್ದಾಗುವುದಿಲ್ಲ; ವಿಧಾನಮಂಡಲ ಮಾಡಿದ್ದನ್ನು ವಿಧಾನಮಂಡಲವೇ ತೆಗೆಯಬೇಕು. ಆದ್ದರಿಂದ ವಯಸ್ಕರೊಬ್ಬರು ದೀಕ್ಷಾಸ್ನಾನ ಕೇಳಿಕೊಂಡು ಬಂದಾಗ ಧರ್ಮಕೇಂದ್ರದ ಗುರುಗಳು ಮಹಾಧರ್ಮಕ್ಷೇತ್ರದ ಕಚೇರಿಯನ್ನೂ ವಕೀಲರನ್ನೂ ವಿಚಾರಿಸಿಯೇ ಮುಂದಿನ ಹೆಜ್ಜೆ ಇಡಬೇಕು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಲಿ. ಕುತ್ತಿಗೆಯಲ್ಲಿ ಶಿಲುಬೆ ಧರಿಸುವುದು, ಮನೆಯಲ್ಲಿ ಜಪಸರ ಹೇಳುವುದು, ಕೇಳಿದವರಿಗೆ ನಾವು ಯಾರೆಂದೂ ಏನು ನಂಬುತ್ತೇವೆಂದೂ ಹೇಳುವುದು ಅಪರಾಧವಲ್ಲ. ಆ ತಾಯಿ ಕಿಟಕಿ ಮುಚ್ಚಬೇಕಾಗಿರಲಿಲ್ಲ.

8. ಒಬ್ಬರು ನಿಜವಾಗಿಯೂ ಕೇಳಿಕೊಂಡು ಬಂದರೆ?

"ನಾನೂ ನಿಮ್ಮ ಜೊತೆ ಪೂಜೆಗೆ ಬರಲೇ?" ಎಂದು ಒಬ್ಬರು ಕೇಳಿದ ಮಾತ್ರಕ್ಕೆ ದೀಕ್ಷಾಸ್ನಾನದ ಮಾತೆತ್ತಬಾರದು. ವಯಸ್ಕರನ್ನು ಧರ್ಮಸಭೆಗೆ ಸೇರಿಸಿಕೊಳ್ಳುವ ವಿಧಿಯನ್ನು 1972ರಲ್ಲಿ ಧರ್ಮಸಭೆ ನವೀಕರಿಸಿದೆ. ಅದಕ್ಕೆ ನಾಲ್ಕು ಘಟ್ಟಗಳಿವೆ.

ಮೊದಲನೆಯದು ವಿಚಾರಣೆಯ ಕಾಲ. ಬಂದವರು ಪ್ರಶ್ನೆ ಕೇಳುತ್ತಾರೆ, ನಾವು ಉತ್ತರಿಸುತ್ತೇವೆ. ಯಾವ ಬಂಧನವೂ ಇಲ್ಲ. ಎರಡನೆಯದು ದೀಕ್ಷಾರ್ಥಿಯ ಕಾಲ. ಬೋಧನೆ, ಪ್ರಾರ್ಥನೆ, ಸೇವೆಗಳಲ್ಲಿ ತೊಡಗುವ ಈ ಅವಧಿ ತಿಂಗಳುಗಳಲ್ಲ, ವರ್ಷಗಳೂ ಆಗಬಹುದು. ಮೂರನೆಯದು ತಪಸ್ಸುಕಾಲದ ಮೊದಲ ಭಾನುವಾರದ ಆಯ್ಕೆಯ ವಿಧಿಯಿಂದ ಆರಂಭವಾಗುವ ಶುದ್ಧೀಕರಣದ ಕಾಲ. ಪಾಸ್ಖ ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದಗಳೊಂದಿಗೆ ಅದು ಕೊನೆಗೊಳ್ಳುತ್ತದೆ. ನಾಲ್ಕನೆಯದು ಪಡೆದ ಸಂಸ್ಕಾರಗಳನ್ನು ಬದುಕಿನಲ್ಲಿ ಅರಿತುಕೊಳ್ಳುವ ಪಾಸ್ಖ ಕಾಲ.

ಕಾನೂನು ಸಂಹಿತೆಯ 865ನೇ ವಿಧಿಯಂತೆ ವಯಸ್ಕರು ತಾವೇ ಬಯಸಿರಬೇಕು, ವಿಶ್ವಾಸದ ಸತ್ಯಗಳನ್ನು ಕಲಿತಿರಬೇಕು, ಕ್ರೈಸ್ತ ಬದುಕಿನಲ್ಲಿ ಪರೀಕ್ಷಿತರಾಗಿರಬೇಕು. 863ನೇ ವಿಧಿಯ ಪ್ರಕಾರ, ಕನಿಷ್ಠ 14 ವರ್ಷ ತುಂಬಿದವರ ದೀಕ್ಷಾಸ್ನಾನದ ವಿಷಯವನ್ನು ಧರ್ಮಾಧ್ಯಕ್ಷರ ಗಮನಕ್ಕೆ ತರಬೇಕು. ಮದುವೆಗಾಗಿ ಮಾತ್ರ ಅವಸರದಲ್ಲಿ ದೀಕ್ಷಾಸ್ನಾನ ಕೇಳುವವರಿಗೆ, ಧರ್ಮಾಧ್ಯಕ್ಷರ ಅನುಮತಿಯೊಂದಿಗೆ ಅನ್ಯಧರ್ಮೀಯರನ್ನು ವಿವಾಹವಾಗುವ ಅವಕಾಶವಿದೆ ಎಂಬುದನ್ನು ತಿಳಿಸಿ. ಮದುವೆಯ ಬೆಲೆಯಾಗಿ ದೀಕ್ಷಾಸ್ನಾನವನ್ನು ಯಾರಿಂದಲೂ ವಸೂಲು ಮಾಡಬೇಡಿ.

9. ಮಾಡಬೇಕಾದ್ದು, ಮಾಡಬಾರದ್ದು

ಮಾಡಬೇಕಾದ್ದು:

- ಹೊಸ ಬಡಾವಣೆಗೆ ಹೋದ ಕೂಡಲೇ ಹತ್ತಿರದ ಧರ್ಮಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಊರಿನ ಗುರ್ಕಾರರು ಬಂದು ಕರೆಯುವರೆಂದು ಕಾಯಬೇಡಿ. ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ ನೀವಾಗಿಯೇ ಹೋಗಿ.
- ಕನ್ನಡ ಪೂಜೆಯಲ್ಲೂ ಭಾಗವಹಿಸಿ. ಮನೆಯಲ್ಲಿ ಕೊಂಕಣಿ ಉಳಿಯಲಿ. ಆದರೆ ನೆರೆಯ ಕನ್ನಡಿಗರು ಕೇಳಿದಾಗ ವಿಶ್ವಾಸ ಪ್ರಮಾಣವನ್ನು ಕನ್ನಡದಲ್ಲಿ ಹೇಳಬಲ್ಲವರಾಗಿರಿ.
- ಮೊಂತಿ ಹಬ್ಬದ ಹೊಸ ತೆನೆಯ ಕಥೆಯನ್ನೂ ಕ್ರಿಸ್ಮಸ್ಸಿನ ಕುಸ್ವಾರನ್ನೂ ನೆರೆಮನೆಗಳೊಂದಿಗೆ ಹಂಚಿಕೊಳ್ಳಿ. ಅವರ ಹಬ್ಬದ ತಟ್ಟೆಯನ್ನೂ ಸಂತೋಷದಿಂದ ಸ್ವೀಕರಿಸಿ.
- ಕೇಳಿದ ಪ್ರಶ್ನೆಗೆ, ಕೇಳಿದಷ್ಟಕ್ಕೆ, ನಿಮ್ಮ ಸ್ವಂತ ಅನುಭವದಿಂದ ಉತ್ತರಿಸಿ. ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳುತ್ತೇನೆ ಎನ್ನಿ.
- ಯಾರಿಗಾಗಿ ಮಾತಾಡುತ್ತೀರೋ ಅವರಿಗಾಗಿ ಮೊದಲು ಪ್ರಾರ್ಥಿಸಿ.

ಮಾಡಬಾರದ್ದು:

- ರೋಗಿಗಳು, ಸಾಲದಲ್ಲಿರುವವರು, ನಿಮ್ಮ ಕೈಕೆಳಗೆ ದುಡಿಯುವವರು, ಮನೆಗೆಲಸದವರು ಇವರ ಅಸಹಾಯಕತೆಯನ್ನು ಬಳಸಿಕೊಳ್ಳಬೇಡಿ.
- ಗುಣವಾಗುವ ಅಥವಾ ಹಣ ಬರುವ ಭರವಸೆ ಕೊಡಬೇಡಿ.
- ತಂದೆತಾಯಿಗಳಿಗೆ ತಿಳಿಯದಂತೆ ಬೇರೆಯವರ ಮಕ್ಕಳನ್ನು ಪ್ರಾರ್ಥನಾ ಕೂಟಕ್ಕೆ ಕರೆದೊಯ್ಯಬೇಡಿ.
- ಇತರ ಧರ್ಮಗಳನ್ನು ಹಾಸ್ಯ ಮಾಡುವ ಸಂದೇಶಗಳನ್ನು ಮೊಬೈಲಿನಲ್ಲಿ ಮುಂದೆ ಕಳುಹಿಸಬೇಡಿ.
- ದಾನವನ್ನೂ ಧರ್ಮಬೋಧನೆಯನ್ನೂ ಒಂದೇ ಕೈಯಲ್ಲಿ ಕೊಡಬೇಡಿ. ಅಕ್ಕಿ ಕೊಟ್ಟ ದಿನ ಅಕ್ಕಿ ಮಾತ್ರ ಕೊಡಿ.

10. ಕೊನೆಯ ಮಾತು

ಆ ಯುವಕ ಆಮೇಲೆ ಏನು ಮಾಡಿದ ಎಂದು ಕೆಲವರು ಕೇಳಬಹುದು. ನಮ್ಮ ಸಲಹೆಯಂತೆ ಗೆಳೆಯನ ಮನೆಗೆ ಹೋಗಿ ಕ್ಷಮೆ ಕೇಳಿದ. ಗೆಳೆಯನ ತಾಯಿ ಕಾಫಿ ಕೊಟ್ಟರು. ಆನಂತರ ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಗಾಡಿ ತೆಗೆದುಕೊಂಡು ಹೋಗುವ ಕೆಲಸ ಈತನದಾಯಿತು. ಧರ್ಮದ ಮಾತು ಮತ್ತೆ ಬರಲಿಲ್ಲವಂತೆ. "ಈಗಲೂ ಅದು ಪ್ರೇಷಿತ ಕಾರ್ಯವೇ, ಫಾದರ್?" ಎಂದು ಕೇಳಿದ. ಹೌದು ಎಂದೆವು. ಗೆಳೆಯ ಒಂದು ದಿನ ಕಾರಣ ಕೇಳಿದರೆ ಹೇಳಲು ಸಿದ್ಧನಾಗಿರು, ಕೇಳದಿದ್ದರೂ ಗಾಡಿ ನಿಲ್ಲಿಸಬೇಡ ಎಂದೆವು.

ಕರಾವಳಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ವಿನಂತಿ. ಫೋನಿನಲ್ಲಿ ಮಕ್ಕಳನ್ನು ವಿಚಾರಿಸುವಾಗ ಪೂಜೆಗೆ ಹೋದೆಯಾ ಎಂದು ಕೇಳುತ್ತೀರಿ, ಒಳ್ಳೆಯದೇ. ಅದರ ಜೊತೆಗೆ ಪಕ್ಕದ ಮನೆಯವರು ಹೇಗಿದ್ದಾರೆ ಎಂದೂ ಕೇಳಿ. ನೆರೆಯವರ ಹೆಸರೇ ಗೊತ್ತಿಲ್ಲದವನು ಅವರೊಡನೆ ವಿಶ್ವಾಸವನ್ನು ಹಂಚಿಕೊಳ್ಳುವುದಾದರೂ ಹೇಗೆ?

ಬಾವಿಯ ಬಳಿ ನೀರು ಕೇಳಿದ ಪ್ರಭು ನಮ್ಮ ಮಕ್ಕಳಿಗೆ ಕೇಳುವ ವಿನಯವನ್ನೂ ಹೇಳುವ ಧೈರ್ಯವನ್ನೂ ಅನುಗ್ರಹಿಸಲಿ. ಮಾತೆ ಮರಿಯಮ್ಮನವರು ಅವರ ಮನೆಗಳನ್ನು ಕಾಯಲಿ.